ಪ್ರಿಂಟ್ ಹಾಕಿದ್ದು ನಾವು, ಕೇಸ್ ಯಾರ ಮೇಲೆ?

ಈ ಸಲ ಬಂದ ಪತ್ರಗಳಲ್ಲಿ ಪ್ರಿಂಟಿಂಗ್ ಅಂಗಡಿಯವರದ್ದೇ ಜಾಸ್ತಿ. ಟೀ-ಶರ್ಟ್, ಮಗ್, ಕ್ಯಾಪ್, ಸ್ಟಿಕರ್ ಮೇಲೆ ಬೇರೆಯವರ ಬ್ರ್ಯಾಂಡು, ಕಾರ್ಟೂನು, ಫೋಟೋ ಹಾಕಿಕೊಡುವವರು. ಹಾಗಾಗಿ ಈ ಸಂಚಿಕೆಯ ಕಾಲಂ ಪೂರ್ತಿ ಅವರಿಗೇ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಯುನಿಟ್. ಈಚೆಗೆ ಡಿಟಿಎಫ್ (ಫಿಲಂ ಮೇಲೆ ಪ್ರಿಂಟ್ ಹಾಕಿ ಬಟ್ಟೆಗೆ ಒತ್ತೋ) ಮಷೀನೂ ಹಾಕಿದ್ದೇವೆ. ಬೆಂಗಳೂರಿನ ಒಂದು ಪಾರ್ಟಿ ಮಕ್ಕಳ ಟೀ-ಶರ್ಟ್ ಮೇಲೆ ಹೆಸರಾಂತ ವಿದೇಶಿ ಕಾರ್ಟೂನ್ ಹಾಕಿಕೊಡಿ ಅಂತ ಕೇಳ್ತಿದ್ದಾರೆ, ಎರಡು ಸಾವಿರ ಪೀಸು. ಲೈಸೆನ್ಸ್ ಇದೆಯಂತೆ, ಆದರೆ ತೋರಿಸಲ್ಲ, ಗೋಪ್ಯ ಅಂತಾರೆ. ಬದಲಿಗೆ "ಏನೇ ಕಾನೂನು ತೊಂದರೆ ಬಂದರೂ ನಾವೇ ಜವಾಬ್ದಾರರು" ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡ್ತಾರಂತೆ. ಅಷ್ಟು ಸಾಕಾ?

ಉತ್ತರ: ಸಾಲದು.

ಪತ್ರ ಬೇಡ ಅಂತಲ್ಲ, ತಗೊಳ್ಳಿ. 1872ರ ಕರಾರು ಕಾಯ್ದೆಯ 124ನೇ ಸೆಕ್ಷನ್ ಪ್ರಕಾರ ಅದು ಇಂಡೆಮ್ನಿಟಿ, ಅಂದರೆ ನಷ್ಟ ಆದರೆ ತುಂಬಿಕೊಡ್ತೀನಿ ಅನ್ನೋ ಮಾತು. ನಾಳೆ ಕಾರ್ಟೂನ್ ಕಂಪನಿ ನಿಮ್ಮ ಮೇಲೆ ದಾವೆ ಹಾಕಿ ಕೋರ್ಟು ಪರಿಹಾರ ಕೊಡು ಅಂದರೆ ಆ ದುಡ್ಡು, ವಕೀಲರ ಖರ್ಚು, ರಾಜಿಗೆ ಕೊಟ್ಟ ಹಣ ಎಲ್ಲವನ್ನೂ 125ನೇ ಸೆಕ್ಷನ್ ಹಿಡಿದು ಪಾರ್ಟಿಯಿಂದ ಕೇಳಬಹುದು. ಆದರೆ ಕೇಳೋಕೆ ಪಾರ್ಟಿ ಸಿಗಬೇಕಲ್ಲ? ಬೋರ್ಡು ಕಿತ್ತು, ಫೋನ್ ಆಫ್ ಮಾಡಿಕೊಂಡು ಹೋದ ಮೇಲೆ ಆ ಲೆಟರ್‌ಹೆಡ್ ಇಟ್ಟುಕೊಂಡು ಏನು ಮಾಡ್ತೀರಿ?

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದು ನೀವಿಬ್ಬರು ಮಾಡಿಕೊಂಡ ಮಾತು. ಕಾರ್ಟೂನ್ ಮಾಲೀಕರಿಗೆ ಅದು ಲೆಕ್ಕಕ್ಕಿಲ್ಲ, ಪೊಲೀಸರಿಗಂತೂ ಇಲ್ಲವೇ ಇಲ್ಲ. ಬೇರೆಯವರ ಹತ್ತಿರ ಅಪರಾಧದ ಕೆಲಸ ಮಾಡಿಸಿ "ಬಂದದ್ದನ್ನು ನಾನು ನೋಡ್ಕೋತೀನಿ" ಅಂತ ಕೊಟ್ಟ ಮಾತನ್ನು ಕಾನೂನು ಒಪ್ಪಲ್ಲ, ಅದೇ ಕಾಯ್ದೆಯ 224ನೇ ಸೆಕ್ಷನ್ನಿನಲ್ಲೇ ಈ ಮಾತಿದೆ. ಇನ್ನೂ ಒಂದು ಯೋಚನೆ ಮಾಡಿ. ಲೈಸೆನ್ಸ್ ನೋಡದೆ ಬರೀ ಈ ಪತ್ರ ಇಟ್ಟುಕೊಂಡಿದ್ದರೆ ಎದುರು ಪಾರ್ಟಿ ವಕೀಲರು ನಿಮ್ಮನ್ನು ಮೊದಲು ಕೇಳೋದೇ ಇದು: "ನಿಮಗೆ ಅನುಮಾನ ಇರಲಿಲ್ಲ ಅಂದ್ರೆ ಇದನ್ನ ಯಾಕೆ ಬರೆಸಿಕೊಂಡ್ರಿ?"

ಯಾಕಿಷ್ಟು ಹೆದರಿಸ್ತಿದ್ದೀನಿ ಅಂದರೆ, 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘನೆ ಮಾಡಿದವರಿಗೆ, ಅದಕ್ಕೆ ನೆರವಾದವರಿಗೂ, ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಬೇರೆಯವರ ಹೆಸರು, ಲೋಗೋ ಸುಳ್ಳಾಗಿ ಹಾಕಿದ್ದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 103ನೇ ಸೆಕ್ಷನ್ನಿನಲ್ಲೂ ಅಷ್ಟೇ ಶಿಕ್ಷೆ. ಕಾಪಿರೈಟ್‌ನ ಈ ಅಪರಾಧದಲ್ಲಿ ವಾರಂಟ್ ಇಲ್ಲದೆ ಪೊಲೀಸರು ಬರಬಹುದು, ಜಾಮೀನು ಹಕ್ಕಾಗಿ ಸಿಗಲ್ಲ ಅಂತ ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಕೇಸಿನಲ್ಲಿ ಹೇಳಿದೆ. ಜಾಮೀನೇ ಸಿಗಲ್ಲ ಅಂತಲ್ಲ, ಆದರೆ ಕೋರ್ಟಿಗೆ ಹೋಗಿ ಕೇಳಬೇಕು.

ಈಗ ಒಳ್ಳೆ ಸುದ್ದಿಗೆ ಬರೋಣ. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 112ನೇ ಸೆಕ್ಷನ್ ಅಂತ ಒಂದಿದೆ. ನಿಮ್ಮಂಥವರಿಗೇ ಅಂತ ಬರೆದಿರೋದು, ಆದರೂ ಅದರ ಹೆಸರು ಕೇಳಿದ ಪ್ರಿಂಟರುಗಳು ಕಡಿಮೆ. 103ರ ಕೆಳಗೆ ಆರೋಪ ಹೊತ್ತವರು ನಾಲ್ಕು ವಿಷಯ ಸಾಬೀತು ಮಾಡಿದರೆ ಖುಲಾಸೆ. ಬೇರೆಯವರ ಪರವಾಗಿ ಮಾರ್ಕ್ ಹಾಕಿಕೊಡೋದೇ ನನ್ನ ಮಾಮೂಲಿ ಕಸುಬು. ಈ ಆರ್ಡರನ್ನೂ ಹಾಗೇ ಮಾಡಿದ್ದು, ಮಾಲು ಮಾರಾಟವಾದ ಮೇಲೆ ಬರೋ ಲಾಭದಲ್ಲಾಗಲಿ ಕಮಿಷನ್ನಿನಲ್ಲಾಗಲಿ ನನಗೆ ಪಾಲಿರಲಿಲ್ಲ. ತಗೋಬೇಕಾದ ಎಚ್ಚರಿಕೆ ಎಲ್ಲ ತಗೊಂಡಿದ್ದೆ, ಆಗ ಅನುಮಾನಪಡೋಕೆ ಕಾರಣವೇ ಇರಲಿಲ್ಲ. ಕೇಳಿದಾಗ ಪಾರ್ಟಿ ಬಗ್ಗೆ ನನಗೆ ಗೊತ್ತಿದ್ದಷ್ಟೂ ಹೇಳಿದೆ. ಇಷ್ಟೇ. ಆದರೆ ನಾಲ್ಕೂ ಇರಬೇಕು, ಮೂರಿದ್ದರೆ ಆಗಲ್ಲ. ಮತ್ತೆ ಸಾಬೀತು ಮಾಡೋ ಹೊಣೆ ನಿಮ್ಮದೇ.

ಆ ಮೂರನೇದು, ಎಚ್ಚರಿಕೆ ತಗೊಂಡೆ ಅನ್ನೋದು, ಬಾಯಿಮಾತಿಗೆ ನಿಲ್ಲಲ್ಲ, ಫೈಲು ಬೇಕು. ಕಾಪಿರೈಟ್ ಲೈಸೆನ್ಸ್ ಬರವಣಿಗೆಯಲ್ಲೇ ಇರಬೇಕು ಅಂತ 30ನೇ ಸೆಕ್ಷನ್ ಹೇಳುತ್ತೆ, ಹಾಗಾಗಿ "ಫೋನಲ್ಲಿ ಮಾತಾಗಿದೆ" ಅನ್ನೋ ಪಾರ್ಟಿಗೆ ಅಲ್ಲೇ ಕೈಮುಗಿಯಿರಿ. ಗೋಪ್ಯ ಅನ್ನೋ ಮಾತಲ್ಲಿ ಅರ್ಧ ಸತ್ಯ ಇದೆ. ರಾಯಲ್ಟಿ ಎಷ್ಟು, ಮಿನಿಮಮ್ ಗ್ಯಾರಂಟಿ ಎಷ್ಟು ಅನ್ನೋದು ಅವರ ವ್ಯವಹಾರ, ಆ ಸಾಲುಗಳಿಗೆ ಕಪ್ಪು ಬಳಿದು ಕೊಡಲಿ. ನಿಮಗೆ ಬೇಕಾದ್ದು ಬೇರೆ. ಲೈಸೆನ್ಸ್ ಯಾವ ಪಾತ್ರಕ್ಕೆ, ಯಾವ ಸಾಮಾನಿಗೆ? ಸ್ಕೂಲ್ ಬ್ಯಾಗಿಗೆ ಮಾತ್ರ ಅನುಮತಿ ತಗೊಂಡು ಟೀ-ಶರ್ಟ್ ಮಾಡಿಸೋಕೆ ಬರೋರಿದ್ದಾರೆ. ಯಾವ ತಾರೀಕಿನವರೆಗೆ, ಯಾವ ದೇಶದಲ್ಲಿ ಮಾರೋಕೆ? ಎಲ್ಲಕ್ಕಿಂತ ಮುಖ್ಯ, ಮೂರನೆಯವರ ಹತ್ತಿರ ತಯಾರು ಮಾಡಿಸೋಕೆ ಅವರಿಗೆ ಹಕ್ಕಿದೆಯಾ? ದೊಡ್ಡ ಕಂಪನಿಗಳು ಇದರಲ್ಲಿ ಬಲು ಕಟ್ಟುನಿಟ್ಟು. ಡಿಸ್ನಿಯವರು ತಯಾರು ಮಾಡೋ ಫ್ಯಾಕ್ಟರಿಗೇ ಬೇರೆ ಅನುಮತಿ ಪತ್ರ ಕೊಡ್ತಾರೆ, ಫಾಮಾ ಅಂತ ಅದರ ಹೆಸರು. ಪಾರ್ಟಿ ಹತ್ತಿರ ಅಸಲಿ ಲೈಸೆನ್ಸೇ ಇದ್ದರೂ ನಿಮ್ಮ ಯುನಿಟ್ಟಿಗೆ ಆ ಪತ್ರ ಇಲ್ಲದಿದ್ದರೆ ನೀವು ಹಾಕಿದ ಪ್ರಿಂಟ್ ಅನುಮತಿ ಇಲ್ಲದ್ದೇ ಅಂತ ಕಂಪನಿ ಹೇಳಬಹುದು.

ಇನ್ನು ಆರ್ಟ್‌ವರ್ಕ್. ಲೈಸೆನ್ಸ್ ಇದ್ದವರಿಗೆ ಕಂಪನಿಯಿಂದ ಸ್ಟೈಲ್ ಗೈಡ್, ಅಂದರೆ ಚಿತ್ರ ಹೇಗಿರಬೇಕು ಅನ್ನೋ ಕೈಪಿಡಿ, ಬರುತ್ತೆ, ಡಿಸೈನಿಗೂ ಸ್ಯಾಂಪಲಿಗೂ ಒಪ್ಪಿಗೆ ಪಡೆಯಬೇಕಾಗುತ್ತೆ. ಆ ಒಪ್ಪಿಗೆಯ ಮೇಲ್ ಕೇಳಿ. ಪಾರ್ಟಿ ನಿಮಗೆ ವಾಟ್ಸ್ಯಾಪಿನಲ್ಲಿ ಅಂಚೆಲ್ಲ ಒಡೆದ ಜೆಪೆಗ್ ಕಳಿಸಿ "ಇದನ್ನೇ ಸ್ವಲ್ಪ ಟ್ರೇಸ್ ಮಾಡ್ಕೊಳಿ" ಅಂದರೆ, ಸಾಮಿ, ಅಲ್ಲೇ ಗೊತ್ತಾಗಲ್ವಾ? ಕಂಪನಿ ಗೈಡಿನಿಂದ ಬಂದ ಫೈಲು ವೆಕ್ಟರಿನಲ್ಲಿರುತ್ತೆ (ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯಲ್ಲ), ಬಣ್ಣ ಗುರುತಿಸೋ ಪ್ಯಾಂಟೋನ್ ನಂಬರ್ ಇರುತ್ತೆ, ಕೆಳಗೆ ಸಿ ಗುರುತಿನ ಕಾಪಿರೈಟ್ ಸಾಲು ಇರುತ್ತೆ. ಆ ಸಾಲನ್ನು ತೆಗೆದುಹಾಕಿ ಅಂತ ಪಾರ್ಟಿ ಹೇಳಿದರೆ ಆರ್ಡರೇ ಬಿಟ್ಟುಬಿಡಿ. ಇದನ್ನೆಲ್ಲ ನೋಡಿಯೂ ಕಣ್ಣು ಮುಚ್ಚಿಕೊಂಡರೆ "ಅನುಮಾನಕ್ಕೆ ಕಾರಣ ಇರಲಿಲ್ಲ" ಅನ್ನೋ ಮಾತು ಕೋರ್ಟಿನಲ್ಲಿ ಎದ್ದು ನಿಲ್ಲಲ್ಲ.

ಹೆಸರು, ಲೋಗೋ ಯಾರ ಹೆಸರಲ್ಲಿದೆ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಅಲ್ಲಿ ಸಾಮಾನುಗಳನ್ನು ಕ್ಲಾಸ್ ಪ್ರಕಾರ ವಿಂಗಡಿಸಿರ್ತಾರೆ, ಬಟ್ಟೆಗೆ ಕ್ಲಾಸ್ 25, ಮಗ್ಗಿಗೆ 21, ಸ್ಟಿಕರಿಗೆ 16. ಅಲ್ಲಿರೋ ಮಾಲೀಕರ ಹೆಸರಿಗೂ ಪಾರ್ಟಿ ತೋರಿಸಿದ ಲೈಸೆನ್ಸ್ ಕೊಟ್ಟವರ ಹೆಸರಿಗೂ ತಾಳೆ ಆಗುತ್ತಾ ನೋಡಿ, ಸ್ಕ್ರೀನ್‌ಶಾಟ್ ತೆಗೆದು ಅದೇ ಫೈಲಿಗೆ ಹಾಕಿ. ಲೈಸೆನ್ಸ್ ಕೊಟ್ಟವರು ಏಜೆಂಟ್ ಆಗಿದ್ದರೆ ಹೆಸರು ಬೇರೆ ಇರುತ್ತೆ, ಆಗ ಏಜೆಂಟರಿಗೆ ಮಾಲೀಕರು ಕೊಟ್ಟ ಅಧಿಕಾರದ ಪತ್ರ ಕೇಳಿ.

ಕಾಪಿರೈಟ್ ಕಾಯ್ದೆಯಲ್ಲಿ 112ರ ಥರದ ಸೆಕ್ಷನ್ ಇಲ್ಲ. ಕ್ರಿಮಿನಲ್ ಕೇಸಿಗೆ "ಗೊತ್ತಿದ್ದೂ" ಮಾಡಿದ್ದು ಅಂತ ಆಗಬೇಕು, ಅಲ್ಲಿ ನಿಮ್ಮ ಫೈಲೇ ನಿಮ್ಮನ್ನು ಕಾಯುತ್ತೆ. ಸಿವಿಲ್ ದಾವೆಯಲ್ಲಿ ಮಾತ್ರ ರಿಯಾಯಿತಿ ತೀರಾ ಕಡಿಮೆ. 55ನೇ ಸೆಕ್ಷನ್ನಿನಲ್ಲಿ ಇರೋದು ಕಾಪಿರೈಟ್ ಇರೋ ವಿಷಯವೇ ತಿಳಿದಿರಲಿಲ್ಲ ಅನ್ನೋರಿಗೆ. ಲೋಕಕ್ಕೆಲ್ಲ ಗೊತ್ತಿರೋ ಕಾರ್ಟೂನ್ ಹಾಕಿಕೊಟ್ಟು ಹಾಗೆ ಹೇಳಿದರೆ ಯಾರು ನಂಬ್ತಾರೆ? ಇಂಡೆಮ್ನಿಟಿ ಪತ್ರ ಕೆಲಸಕ್ಕೆ ಬರೋದು ಇಲ್ಲೇ, ಹಾಗಾಗಿ ಅದನ್ನೂ ಲೆಟರ್‌ಹೆಡ್‌ನಲ್ಲಿ ಬೇಡ, ಛಾಪಾ ಕಾಗದದ ಮೇಲೆ, ಕಂಪನಿ ಜೊತೆಗೆ ಅದರ ಡೈರೆಕ್ಟರ್ ಅಥವಾ ಪಾಲುದಾರರ ವೈಯಕ್ತಿಕ ಸಹಿಯೂ ಹಾಕಿಸಿಕೊಂಡು ಮಾಡಿಸಿ.

ಪ್ರಶ್ನೆ: ನಮ್ಮ ಪಾರ್ಟಿ ಪ್ರಿಂಟಿಂಗ್ ಚಾರ್ಜ್ ಬದಲು ಮಾರಾಟವಾದ ಪ್ರತಿ ಪೀಸಿಗೆ ಇಷ್ಟು ಅಂತ ಕೊಡ್ತೀನಿ ಅಂತಾರೆ. ಬಟ್ಟೆಯನ್ನೂ ನಾವೇ ತಿರುಪ್ಪೂರಿನಿಂದ ತರಿಸಬೇಕಂತೆ. ಲಾಭ ಜಾಸ್ತಿ ಕಾಣ್ತಿದೆ. ಒಪ್ಪಬಹುದಾ? (ದಾವಣಗೆರೆ)

ಉತ್ತರ: ಮೇಲೆ ಹೇಳಿದ ನಾಲ್ಕರಲ್ಲಿ ಎರಡನೆಯದನ್ನು ಮತ್ತೊಂದು ಸಲ ಓದಿ. ಮಾರಾಟದ ಮೇಲೆ ನಿಂತ ಲಾಭ ಅಥವಾ ಕಮಿಷನ್ ಇರಬಾರದು. ಪೀಸಿಗಿಷ್ಟು ಅಂತ ಒಪ್ಪಿಕೊಂಡ ದಿನವೇ 112ರ ರಕ್ಷಣೆ ಹೋಯಿತು. ಪ್ರಿಂಟಿಂಗ್ ಚಾರ್ಜನ್ನು ಫಿಕ್ಸ್ ಮಾಡಿ, ಮಾಲು ಮಾರಾಟವಾಗಲಿ ಬಿಡಲಿ, ನಿಮ್ಮ ದುಡ್ಡು ನಿಮಗೆ ಬರಬೇಕು.

ಬಟ್ಟೆ ವಿಷಯವೂ ಹಾಗೇ. ಪಾರ್ಟಿ ಬಟ್ಟೆ ಕೊಟ್ಟು ನೀವು ಬರೀ ಪ್ರಿಂಟ್ ಹಾಕಿದರೆ ಅದು ಜಾಬ್‌ವರ್ಕ್. ಡಿಲಿವರಿ ಚಲನ್ ಮೇಲೆ ಮಾಲು ಬಂತು, ಚಲನ್ ಮೇಲೆ ಹೋಯಿತು, ಬಿಲ್ಲಿನಲ್ಲಿ ಕೂಲಿ ಮಾತ್ರ. ಬಟ್ಟೆಯೂ ನಿಮ್ಮದೇ ಆದರೆ ತಯಾರಾದ ಮಾಲನ್ನು ಮಾರಿದವರೇ ನೀವು, ಆಗ ಸುಳ್ಳು ಮಾರ್ಕಿನ ಮಾಲು ಮಾರಿದ ಆರೋಪವೂ, ಅಂದರೆ 104ನೇ ಸೆಕ್ಷನ್, ಬರಬಹುದು. 112 ಅದಕ್ಕೆ ಅನ್ವಯಿಸಲ್ಲ. ಲೈಸೆನ್ಸ್ ಪಕ್ಕಾ ಇದ್ದರೆ ಬಟ್ಟೆ ನೀವೇ ಕೊಟ್ಟರೂ ತಪ್ಪಿಲ್ಲ, ಎಷ್ಟೋ ಜನ ಮಾಡ್ತಾರೆ. ಆದರೆ ಕಾಗದ ನೋಡೋಕೆ ಬೇಜಾರು ಅನ್ನೋರು ಜಾಬ್‌ವರ್ಕ್ ದಾಟಬೇಡಿ.

ಪ್ರಶ್ನೆ: ಲೈಸೆನ್ಸ್ ಇದ್ದ ಪಾರ್ಟಿಗೇ ಮಾಡಿದ ಆರ್ಡರ್. ವೇಸ್ಟೇಜ್ ಅಂತ 60 ಪೀಸ್ ಜಾಸ್ತಿ ಹಾಕಿದ್ದೆವು, ಅದರಲ್ಲಿ ಚೆನ್ನಾಗಿರೋವು ಉಳಿದಿವೆ. ಕಲರ್ ಸರಿದ ಸೆಕೆಂಡ್ಸ್ ಕೂಡ ಇವೆ. ಸಂತೆಯಲ್ಲಿ ಮಾರೋರು ಕೇಳ್ತಿದ್ದಾರೆ. ಲೈಸೆನ್ಸ್ ಇರೋ ಮಾಲೇ ಅಲ್ವಾ? (ಬೆಂಗಳೂರು)

ಉತ್ತರ: ಲೈಸೆನ್ಸ್ ಇರೋದು ಪಾರ್ಟಿಗೆ, ಸಂತೆಯವರಿಗೂ ಇಲ್ಲ, ನಿಮಗೂ ಇಲ್ಲ. ಪಾರ್ಟಿ ಹೇಳಿದ ಲೆಕ್ಕ ಮೀರಿ ಹಾಕಿ ಹೊರಗೆ ಮಾರಿದ ಪೀಸು ಎಷ್ಟೇ ಅಸಲಿ ಥರ ಕಂಡರೂ ಕಾನೂನಿನ ಕಣ್ಣಿಗೆ ನಕಲಿಯೇ. ಕಂಪನಿಯವರಿಗೆ ಸಿಕ್ಕಿಬೀಳೋದೂ ಇಲ್ಲೇ, ಯಾಕೆಂದರೆ ಹೊಲೊಗ್ರಾಮ್ ಟ್ಯಾಗನ್ನು ಅವರು ಎಣಿಸಿ ಕೊಟ್ಟಿರ್ತಾರೆ, ನಿಮ್ಮ 60 ಪೀಸಿಗೆ ಟ್ಯಾಗ್ ಇರಲ್ಲ.

ಮುಂದಿನ ಸಲ ಆರ್ಡರಿನಲ್ಲೇ ಬರೆಸಿಕೊಳ್ಳಿ, ವೇಸ್ಟೇಜಿಗೆ ಶೇಕಡಾ ಇಷ್ಟು ಅಂತ, ಉಳಿದದ್ದು ಏನು ಮಾಡಬೇಕು ಅಂತ. ಈಗ ಉಳಿದಿರೋದನ್ನು ಚಲನ್ ಹಾಕಿ ಪಾರ್ಟಿಗೇ ವಾಪಸ್ ಕಳಿಸಿ, ಇಲ್ಲವೇ ಅವರ ಎದುರೇ ಪ್ರಿಂಟಿನ ಮೇಲೆ ಕತ್ತರಿ ಹಾಕಿ, ಫೋಟೋ ತೆಗೆದು, ನಾಶ ಮಾಡಿದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ.

ಫ್ರೇಮುಗಳ ಕಡೆಗೂ ಒಮ್ಮೆ ನೋಡಿ. ಗೋಡೆಗೆ ಒರಗಿಸಿಟ್ಟ ಹಳೇ ಸ್ಕ್ರೀನು, ಡ್ರಾಯರಿನಲ್ಲಿರೋ ಡಿಸೈನಿನ ಫಿಲಂ, ಅಂದರೆ ಪಾಸಿಟಿವ್, ಸುರುಳಿ ಸುತ್ತಿಟ್ಟ ಡಿಟಿಎಫ್ ಫಿಲಂ, ಇವೆಲ್ಲ ಕಾಪಿರೈಟ್ ಕಾಯ್ದೆಯಲ್ಲಿ "ಪ್ಲೇಟ್" ಅನ್ನೋ ಪದದೊಳಗೇ ಬರುತ್ತವೆ. ಬ್ಲಾಕು, ನೆಗೆಟಿವ್, ಟ್ರಾನ್ಸ್‌ಫರ್ ಅಂತ ಅಲ್ಲಿ ಹೆಸರಿಟ್ಟೇ ಬರೆದಿದ್ದಾರೆ. ನಕಲು ಮಾಡೋ ಉದ್ದೇಶಕ್ಕೆ ಅಂತ ಗೊತ್ತಿದ್ದೂ ಇದನ್ನು ಇಟ್ಟುಕೊಂಡರೆ 65ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆ. ಆರ್ಡರ್ ಮುಗಿದ ಕೂಡಲೇ ಫ್ರೇಮ್ ತೊಳೆದುಬಿಡಿ. ಸ್ಕ್ರೀನಿನ ಒಂದು ಮೆಶ್ (ಜಾಲರಿ) ಉಳಿಸೋಕೆ ಹೋಗಿ ಕಟಕಟೆ ಹತ್ತೋದು ಬೇಡ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಅಂಗಡಿ. ಸಿನಿಮಾ ರಿಲೀಸಿಗೆ ಅಭಿಮಾನಿ ಸಂಘದವರು ಹೀರೋ ಫೋಟೋ ಹಾಕಿಸ್ತಾರೆ, ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕವಿಗಳ ಸಾಲು, ಐಪಿಎಲ್ ಬಂದರೆ ಜರ್ಸಿ. ಇದಕ್ಕೆಲ್ಲ ಯಾರ ಲೈಸೆನ್ಸ್ ಕೇಳೋದು?

ಉತ್ತರ: ಕೇಳೋಕೆ ಹೋದರೆ ಸಂಘದವರು ನಿಮ್ಮ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗ್ತಾರೆ, ಗೊತ್ತು. ಆದರೂ ಕಾನೂನು ಹೇಗಿದೆ ಅಂತ ತಿಳಿದಿರಲಿ. ಪೋಸ್ಟರಿನ ಫೋಟೋ, ಟೈಟಲ್ ಬರೆದಿರೋ ರೀತಿ, ಇವಕ್ಕೆ ಮಾಲೀಕರಿದ್ದಾರೆ, ಸಾಮಾನ್ಯವಾಗಿ ನಿರ್ಮಾಪಕರು. ಹೀರೋ ಮುಖ, ಹೆಸರು ಹೀರೋದೇ. 2015ರಲ್ಲಿ ರಜನಿಕಾಂತ್ ಮದ್ರಾಸ್ ಹೈಕೋರ್ಟಿನಿಂದ, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿನಿಂದ ತಮ್ಮ ಹೆಸರು, ಚಹರೆ ಬಳಸದಂತೆ ತಡೆಯಾಜ್ಞೆ ತಂದಿದ್ದಾರೆ. ಸಂಘದವರು ತಾವೇ ಹಾಕಿಕೊಂಡು ಕುಣಿಯೋಕೆ ಮಾಡಿಸಿದ ಶರ್ಟಿಗೆ ಕೇಸ್ ಹಾಕೋರು ಅಪರೂಪ, ನನ್ನ ಮಟ್ಟಿಗೆ ಅದು ಸಣ್ಣ ಅಪಾಯ. ಅದೇ ಡಿಸೈನನ್ನು ನೀವು ಅಂಗಡಿ ಮುಂದೆ ನೇತುಹಾಕಿದರೆ, ಆನ್‌ಲೈನಿನಲ್ಲಿ ಮಾರಿದರೆ ಮಾತು ಬೇರೆ. ಐಪಿಎಲ್ ತಂಡಗಳ ಲೋಗೋ ಅಂತೂ ಟ್ರೇಡ್‌ಮಾರ್ಕ್. ಕಾಲೇಜು ಹುಡುಗರಿಗೆ ಕೆಂಪು-ಕಪ್ಪು ಜರ್ಸಿ ಹೊಲಿಸಿ ಅವರ ಹೆಸರು, ನಂಬರ್ ಹಾಕಿಕೊಡಿ, ಲೋಗೋ ಬಿಡಿ.

ಕವಿಗಳ ವಿಷಯಕ್ಕೆ ಲೆಕ್ಕ ಸುಲಭ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ. ಬೇಂದ್ರೆಯವರದ್ದು 1981, ಅಂದರೆ 2041. ಕುವೆಂಪು ಅವರದ್ದು 1994, ಅಂದರೆ 2054. ಅಲ್ಲಿಯವರೆಗೆ ಹಕ್ಕು ಯಾರ ಹತ್ತಿರ ಇದೆಯೋ, ಮನೆಯವರೋ ಪ್ರಕಾಶಕರೋ, ಅವರನ್ನು ಕೇಳಬೇಕು. ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸರ ಸಾಲಿಗೆ ಯಾರನ್ನೂ ಕೇಳಬೇಕಾಗಿಲ್ಲ, ರಾಜ್ಯೋತ್ಸವಕ್ಕೆ ಅಷ್ಟು ಸಾಲಲ್ವಾ? ಸರ್ಕಾರದ ಲಾಂಛನ ಮಾತ್ರ ಮುಟ್ಟಬೇಡಿ. ಅಶೋಕಸ್ತಂಭದ ಸಿಂಹವಾಗಲಿ, ರಾಜ್ಯ ಸರ್ಕಾರದ ಗಂಡಭೇರುಂಡದ ಮುದ್ರೆಯಾಗಲಿ, ವ್ಯಾಪಾರಕ್ಕೆ ಬಳಸೋಕೆ ಸರ್ಕಾರದ ಅನುಮತಿ ಬೇಕು ಅಂತ 1950ರ ಕಾಯ್ದೆಯೇ ಇದೆ.

ಪ್ರಶ್ನೆ: ಮೊನ್ನೆ ಇಬ್ಬರು ಬಂದು ನಾವು ಕಂಪನಿ ಕಡೆಯವರು, ನೀವು ನಮ್ಮ ಲೋಗೋ ಹಾಕ್ತಿದ್ದೀರಿ, ಈಗಲೇ ದುಡ್ಡು ಕೊಟ್ಟರೆ ಇಲ್ಲೇ ಮುಗಿಸ್ತೀವಿ, ಇಲ್ಲಾಂದ್ರೆ ಪೊಲೀಸರನ್ನ ಕರೆಸ್ತೀವಿ ಅಂದರು. ಒಬ್ಬರು ಮಷೀನಿಗೇ ಕೈ ಹಾಕಿದರು. ಕೊಡಬೇಕಿತ್ತಾ? (ಬಳ್ಳಾರಿ)

ಉತ್ತರ: ನಗದು ಕೊಡಬೇಡಿ. ಖಾಸಗಿಯವರಿಗೆ ನಿಮ್ಮ ಅಂಗಡಿ ಹುಡುಕೋ ಅಧಿಕಾರ ಇಲ್ಲ, ಮಾಲು ಎತ್ತಿಕೊಂಡು ಹೋಗೋದಂತೂ ದೂರದ ಮಾತು. ಕಂಪನಿಯ ಅಧಿಕಾರ ಪತ್ರ ತೋರಿಸಿ, ಯಾವ ಮಾರ್ಕು, ನೋಂದಣಿ ನಂಬರ್ ಎಷ್ಟು, ಲಿಖಿತ ನೋಟಿಸ್ ಕಳಿಸಿ ಅನ್ನಿ. ಬುಡವಿಲ್ಲದ ಬೆದರಿಕೆ ಹಾಕಿದವರ ಮೇಲೆ ನೀವೇ ದಾವೆ ಹಾಕಬಹುದು, ಟ್ರೇಡ್‌ಮಾರ್ಕ್ ಕಾಯ್ದೆಯ 142, ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್ ಇರೋದು ಅದಕ್ಕೇ.

ಪೊಲೀಸರೇ ಬಂದರೆ ಅಡ್ಡ ನಿಲ್ಲಬೇಡಿ, ಆದರೆ ಯಾರು ಬಂದಿದ್ದಾರೆ ನೋಡಿ. ಕಾಪಿರೈಟ್ ಕೇಸಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರು ವಾರಂಟ್ ಇಲ್ಲದೆ ಮಾಲು ಜಪ್ತಿ ಮಾಡಬಹುದು. ಟ್ರೇಡ್‌ಮಾರ್ಕ್ ಕೇಸಿನಲ್ಲಿ ಡಿವೈಎಸ್ಪಿ ದರ್ಜೆಯವರೇ ಬೇಕು, ಅವರೂ ಮೊದಲೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದಿರಬೇಕು. ಎಷ್ಟೋ ಕಡೆ ಇದನ್ನು ಯಾರೂ ಕೇಳೋದೇ ಇಲ್ಲ, ನೀವು ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಹೊಸ ಬಿಎನ್‌ಎಸ್‌ಎಸ್ ಕಾನೂನಿನ (ಹಳೇ ಸಿಆರ್‌ಪಿಸಿ ಬದಲು ಬಂದದ್ದು) 105ನೇ ಸೆಕ್ಷನ್ ಪ್ರಕಾರ ಜಪ್ತಿಯನ್ನು ವಿಡಿಯೋ ಮಾಡಬೇಕು. ಮಹಜರಿನಲ್ಲಿ ಎಷ್ಟು ಪೀಸು, ಯಾವ ಸೈಜು, ಯಾವ ಫ್ರೇಮು ಅಂತ ಸರಿಯಾಗಿ ಬರೆದಿದ್ದಾರಾ ಓದದೆ ಸಹಿ ಹಾಕಬೇಡಿ. ಬೇರೆ ಪಾರ್ಟಿಯ ಮಾಲೂ ಸೇರಿಕೊಂಡು ಹೋಗಿದ್ದರೆ 15 ದಿನದೊಳಗೆ ಮ್ಯಾಜಿಸ್ಟ್ರೇಟ್ ಹತ್ತಿರ ಅರ್ಜಿ ಹಾಕಿ ಕೇಳಬಹುದು. ದಿನ ಮೀರಿಸಬೇಡಿ.

ಇನ್ನೊಂದು ಥರದವರೂ ಬರಬಹುದು, ಕೋರ್ಟು ನೇಮಿಸಿದ ಲೋಕಲ್ ಕಮಿಷನರ್, ಸಾಮಾನ್ಯವಾಗಿ ಯುವ ವಕೀಲರು, ಕೈಯಲ್ಲಿ ದೆಹಲಿ ಹೈಕೋರ್ಟಿನ ಆದೇಶ. ಅದರಲ್ಲಿ ನಿಮ್ಮ ಹೆಸರಿಲ್ಲದೆ "ಅಶೋಕ್ ಕುಮಾರ್ ಮತ್ತು ಇತರರು" ಅಂತ ಇದ್ದರೆ ಬೇರೆ ಯಾರದೋ ಕೇಸು ಅಂದುಕೊಳ್ಳಬೇಡಿ. ಹೆಸರು ಗೊತ್ತಿಲ್ಲದ ಪ್ರತಿವಾದಿಗಳಿಗೆ ಅಲ್ಲಿನ ಕೋರ್ಟುಗಳು ಇಡೋ ಹೆಸರು ಅದು. ಅವರನ್ನು ತಡೆದರೆ ನ್ಯಾಯಾಂಗ ನಿಂದನೆ ಆಗುತ್ತೆ. ಆದೇಶದ ಪ್ರತಿ ಇಸ್ಕೊಂಡು, ಲೆಕ್ಕದ ಪುಸ್ತಕ ತೋರಿಸಿ, ಅವತ್ತೇ ವಕೀಲರನ್ನು ಹಿಡಿಯಿರಿ.

ಪಾರ್ಟಿ ಹೆಸರು ಹೇಳಲ್ಲ ಅಂತ ನಿಯತ್ತು ತೋರಿಸೋಕೆ ಮಾತ್ರ ಹೋಗಬೇಡಿ. 112ರ ನಾಲ್ಕನೇ ಷರತ್ತು ಅದೇ. ಪಾರ್ಟಿಯ ಜಿಎಸ್‌ಟಿ ನಂಬರ್, ವಿಳಾಸ, ಆರ್ಡರ್ ಕೊಟ್ಟವರ ಮೇಲ್, ದುಡ್ಡು ಬಂದ ಬ್ಯಾಂಕ್ ಎಂಟ್ರಿ ಎಲ್ಲ ಕೊಡಿ. ಜಿಎಸ್‌ಟಿಗಾಗಿ ಹೇಗೂ ಆರು ವರ್ಷ ದಾಖಲೆ ಇಟ್ಟಿರಬೇಕು, ಈ ಫೈಲನ್ನೂ ಅದರ ಜೊತೆಗೇ ಇಡಿ.

ಪ್ರಶ್ನೆ: ಲೈಸೆನ್ಸ್ ಇರೋ ಪಾರ್ಟಿ, ಬಟ್ಟೆಯೂ ಅವರದ್ದೇ. ಪ್ರಿಂಟ್ ಹಾಕಿ ಮೂರು ತಿಂಗಳಾಯಿತು, ದುಡ್ಡು ಕೊಟ್ಟಿಲ್ಲ. ಮಾಲು ನಮ್ಮಲ್ಲೇ ಇದೆ. ಮಾರಿ ದುಡ್ಡು ಹುಟ್ಟಿಸಿಕೊಳ್ಳಲಾ? (ಶಿವಮೊಗ್ಗ)

ಉತ್ತರ: ಹಿಡಿದಿಟ್ಟುಕೊಳ್ಳಿ, ಮಾರಬೇಡಿ. ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ನಿಮ್ಮ ಕೂಲಿ ಬರೋವರೆಗೆ ಆ ಮಾಲನ್ನು ಇಟ್ಟುಕೊಳ್ಳೋ ಹಕ್ಕು ನಿಮಗಿದೆ. ಆದರೆ ಹಕ್ಕು ಅಷ್ಟಕ್ಕೇ, ಮಾರೋ ಅಧಿಕಾರ ಅದರಲ್ಲಿಲ್ಲ. ಮಾರಿದರೆ ಒಂದು ಕಡೆ ಪಾರ್ಟಿ, ಇನ್ನೊಂದು ಕಡೆ ಬ್ರ್ಯಾಂಡ್ ಮಾಲೀಕರು, ಇಬ್ಬರೂ ನಿಮ್ಮ ಮೇಲೆ ಬೀಳ್ತಾರೆ, ಬಾಕಿ ಬರಬೇಕಾದವರು ನೀವೇ ಆರೋಪಿ ಆಗ್ತೀರಿ.

ನೀವು ಕೆಲಸ ಒಪ್ಪೋ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದರೆ ಸಣ್ಣ ಉದ್ಯಮಗಳಿಗಾಗಿ ಇರೋ 2006ರ ಎಂಎಸ್‌ಎಂಇ ಕಾಯ್ದೆ ಹಿಡಿಯಿರಿ. ಒಪ್ಪಂದ ಏನೇ ಇರಲಿ, 45 ದಿನಕ್ಕಿಂತ ಜಾಸ್ತಿ ಬಾಕಿ ಉಳಿಸೋ ಹಾಗಿಲ್ಲ. ಆಮೇಲೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇಂಥ ಬಾಕಿ ವ್ಯಾಜ್ಯ ತೀರಿಸೋ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ಲಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಪಾರ್ಟಿಗೆ ಒಂದು ನೋಟಿಸ್ ಕಳಿಸಿ, ಮಾಲು ನಮ್ಮಲ್ಲಿದೆ, ಕೂಲಿ ಕೊಟ್ಟು ತಗೊಂಡು ಹೋಗಿ ಅಂತ. ಅದರ ಪ್ರತಿಯನ್ನು ಲೈಸೆನ್ಸ್ ಕೊಟ್ಟ ಕಂಪನಿಗೂ ಕಳಿಸಿ. ಲೈಸೆನ್ಸ್ ಕಳೆದುಕೊಳ್ಳೋ ಭಯಕ್ಕೆ ದುಡ್ಡು ಬೇಗ ಬಂದರೂ ಬರಬಹುದು.